ಕೂತವನನ್ನು ಮಲಗಿಸಿದ ಪೆಟ್ಟಿಗೆ

ನನ್ನ ಗಂಡನನ್ನು ಮಲಗಿಸಿ ಮಣ್ಣು ಮಾಡಿದರು. ಕೂರಿಸಿ ಮಾಡಿದೆವು ಎಂದು ನಮ್ಮ ಮನೆಯವರೆಲ್ಲ ಹೇಳುತ್ತಾರೆ. ಫೋಟೋ ಬೇರೆ ತೋರಿಸುತ್ತಾರೆ. ಅದು ಸುಳ್ಳು. ನಾನು ಕುಣಿಯ ಅಂಚಿನಲ್ಲೇ ನಿಂತಿದ್ದೆ.

ನಾವು ಲಿಂಗವಂತರು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಜೀವ ಹೋದ ಕೂಡಲೇ, ಮೈ ಇನ್ನೂ ಮಿದುವಾಗಿರುವಾಗ, ಕಾಲು ಮಡಿಸಿ ಚಕ್ಕಳಮಕ್ಕಳ ಹಾಕಿ ಗೋಡೆಗೆ ಆನಿಸಿ ಕೂರಿಸುತ್ತಾರೆ. ತಲೆ ವಾಲದಂತೆ ಹಣೆಗೆ ಬಟ್ಟೆ ಕಟ್ಟಿ ಗೋಡೆಯ ಮೊಳೆಗೆ ಬಿಗಿಯುತ್ತಾರೆ. ಮೆರವಣಿಗೆಗೂ ಹಾಗೆಯೇ, ಮಣ್ಣಿಗೂ ಹಾಗೆಯೇ. ಇದಕ್ಕೆ ದೊಡ್ಡ ವಿದ್ಯೆ ಏನೂ ಬೇಕಿಲ್ಲ. ಹೊತ್ತಿಗೆ ಸರಿಯಾಗಿ ಮಾಡಬೇಕು, ಅಷ್ಟೇ. ಪೆಟ್ಟಿಗೆ ಬರುವ ತನಕ ನಮ್ಮೂರಿನಲ್ಲಿ ಇದು ಯಾರಿಗೂ ತಪ್ಪಿರಲಿಲ್ಲ.

ಪೆಟ್ಟಿಗೆ ಎಂದರೆ ಹೆಣ ಕೆಡದಂತೆ ಇಡುವ ಐಸ್ ಪೆಟ್ಟಿಗೆ. ಈಗ ಕೊಟ್ಟೂರು, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಎಲ್ಲ ಕಡೆ ಬಾಡಿಗೆಗೆ ಸಿಗುತ್ತದೆ. ಆಳುದ್ದದ ತಗಡಿನ ಡಬ್ಬ, ಮೇಲೆ ಗಾಜಿನ ಮುಚ್ಚಳ, ಕಾಲಿನ ಕಡೆ ಒಂದು ಮೋಟಾರು, ಕೆಳಗೆ ಗಾಲಿ. ವೈರು ಚುಚ್ಚಿದರೆ ಗುಂಯ್ ಎನ್ನುತ್ತದೆ. ಮೊದಲೆಲ್ಲ ಸತ್ತವರು ಮಕ್ಕಳಿಗಾಗಿ ಕಾಯುತ್ತಿರಲಿಲ್ಲ. ಹೊತ್ತು ಮುಳುಗುವುದರೊಳಗೆ ಮಣ್ಣಾಗುತ್ತಿದ್ದರು, ದೂರದ ಮಕ್ಕಳು ಆಮೇಲೆ ಬಂದು ಗುದ್ದಿಯ ಮುಂದೆ ಅಳುತ್ತಿದ್ದರು. ಈಗ ಸತ್ತವರೇ ಕಾಯುತ್ತಾರೆ.

ಐಸಿನ ವಿಷಯ ನನಗೆ ಸ್ವಲ್ಪ ಗೊತ್ತು. ನನ್ನ ಗಂಡ ಮೀಸೆ ಮೂಡುವಾಗಲೇ ಹರಪನಹಳ್ಳಿಯ ಒಂದು ಐಸ್ ಫ್ಯಾಕ್ಟರಿಗೆ ಸೇರಿದ್ದ. ತಲೆ ಬೆಳ್ಳಗಾಗುವ ತನಕ ಅಲ್ಲೇ ಇದ್ದ. ಮದುವೆಯಾದ ಹೊಸತರಲ್ಲಿ ಫ್ಯಾಕ್ಟರಿಯ ಹಿಂದಿನ ಒಂದು ಕೋಣೆಯಲ್ಲಿ ನಮ್ಮ ಸಂಸಾರ. ಬುತ್ತಿ ಒಯ್ದುಕೊಟ್ಟು, ಆತ ಉಣ್ಣುವ ತನಕ ಅಲ್ಲೇ ಕೂತು ನೋಡುತ್ತಿದ್ದೆ.

ನೆಲದೊಳಗೆ ದೊಡ್ಡ ತೊಟ್ಟಿ, ಅದರ ತುಂಬ ಉಪ್ಪುನೀರು. ಮೇಲೆ ಹಲಗೆ ಹಾಸಿದ್ದರು. ಹಲಗೆ ಎತ್ತಿದರೆ ತಗಡಿನ ಉದ್ದುದ್ದ ಡಬ್ಬಗಳು ಸಾಲಾಗಿ ಇಳಿಬಿದ್ದಿರುತ್ತಿದ್ದವು, ಅದರೊಳಗೆ ಕುಡಿಯುವ ನೀರು. ಉಪ್ಪುನೀರಿನ ನಡುವೆ ಗ್ಯಾಸಿನ ಕೊಳವೆಗಳು ಹಾವಿನಂತೆ ಸುತ್ತಿದ್ದವು. ಕುಡಿಯುವ ನೀರು ಹೆಪ್ಪುಗಟ್ಟುವಷ್ಟು ಚಳಿಯಲ್ಲೂ ಉಪ್ಪುನೀರು ನೀರಾಗಿಯೇ ಇರುತ್ತದೆ. ಹಾಗಾಗಿ ಅದು ಹರಿದಾಡುತ್ತ ಎಲ್ಲ ಡಬ್ಬಗಳನ್ನೂ ಸಮನಾಗಿ ತಬ್ಬಿಕೊಂಡಿರುತ್ತದೆ. ಡಬ್ಬದೊಳಗಿನ ನೀರು ಅಂಚಿನಿಂದ ನಡುವಿಗೆ ಗಟ್ಟಿಯಾಗುತ್ತ ಬರುತ್ತದೆ. ನಡುವಿನದು ಕೊನೆಗೆ, ಅದಕ್ಕೇ ಗಡ್ಡೆಯ ಹೊಟ್ಟೆ ಬೆಳ್ಳಗಿರುತ್ತದೆ. ಗಡ್ಡೆ ಡಬ್ಬಕ್ಕೆ ಕಚ್ಚಿಕೊಂಡಿರುವುದರಿಂದ ಡಬ್ಬವನ್ನು ಸರಪಳಿಯಿಂದ ಎತ್ತಿ ಒಮ್ಮೆ ಬರೀ ನೀರಿನಲ್ಲಿ ಅದ್ದುತ್ತಿದ್ದರು. ಆಗ ಬಿಟ್ಟುಕೊಂಡು ಜಾರಿ ಬರುತ್ತಿತ್ತು.

"ಐಸು ಮಾಡೋದಂದ್ರ ತಣ್ಣಗ ಮಾಡೋದಲ್ಲ," ಎನ್ನುತ್ತಿದ್ದ ನನ್ನ ಗಂಡ. "ನೀರಿನಾಗಿನ ಕಾವು ಹೊತ್ತು ಹೊರಗ ಹಾಕೋದು. ನಂದು ಹಮಾಲಿ ಕೆಲಸ ನೋಡು."

"ಹೊತ್ತು ಎಲ್ಲಿಗಿ ಹಾಕ್ತೀರಿ?" ಎಂದೆ ಒಮ್ಮೆ.

"ನಿನ್ನ ಹಿತ್ತಲಾಗ."

ಸುಳ್ಳಲ್ಲ. ಮಿಷನ್ನು ಗ್ಯಾಸನ್ನು ಹಿಂಡಿದಾಗ ಅದು ಕಾಯುತ್ತದೆ. ಕಾದ ಗ್ಯಾಸಿನ ಕೊಳವೆಗಳನ್ನು ನಮ್ಮ ಕೋಣೆಯ ಹಿಂದೆ ಎಬ್ಬಿಸಿ ಅದರ ಮೇಲೆ ನೀರು ಸುರಿಯಬಿಟ್ಟಿದ್ದರು. ತಣಿದ ಗ್ಯಾಸು ನೀರಾಗಿ ತೊಟ್ಟಿಯ ಕಡೆ ಹೋಗುತ್ತಿತ್ತು, ಅಲ್ಲಿ ಮತ್ತೆ ಗ್ಯಾಸಾಗುವಾಗ ಸುತ್ತಲಿನ ಕಾವು ಕುಡಿಯುತ್ತಿತ್ತು. ಹಿತ್ತಲಿಗೆ ಸುರಿದ ನೀರು ಬೆಚ್ಚಗಿರುತ್ತಿತ್ತು. ನನ್ನ ಇಬ್ಬರು ಗಂಡುಮಕ್ಕಳ ಬಾಣಂತನದ ಬಟ್ಟೆಯನ್ನೆಲ್ಲ ಆ ನೀರಿನಲ್ಲೇ ಒಗೆದಿದ್ದೇನೆ.

ಮಿಷನ್ನು ಕೂರಿಸಲು ಬಂದ ಮದ್ರಾಸಿನ ಫಿಟ್ಟರ್ ಒಂದು ಕಥೆ ಹೇಳಿದ್ದನಂತೆ. ಮಿಷನ್ನು ಹುಟ್ಟುವ ಮೊದಲು ಸಮುದ್ರದ ಆಚೆಯ ದೇಶದಲ್ಲಿ ಚಳಿಗಾಲದ ಕೆರೆಯ ಐಸನ್ನು ಗರಗಸದಿಂದ ಕೊಯ್ದು, ಮರದ ಹೊಟ್ಟಿನಲ್ಲಿ ಹುಗಿದು, ಹಡಗಿನಲ್ಲಿ ತಿಂಗಳುಗಟ್ಟಲೆ ಸಾಗಿಸಿ ಮದ್ರಾಸಿನ ದೊರೆಗಳಿಗೆ ಮಾರುತ್ತಿದ್ದರಂತೆ. ನಾನು ನಂಬಲಿಲ್ಲ. ಮೊನ್ನೆ ಮೊಮ್ಮಗಳು ಫೋನಿನಲ್ಲಿ ನೋಡಿ ಹೌದು ಎಂದಳು. ಆದರೆ ಹೊಟ್ಟಿನ ಮಾತನ್ನು ನಾನು ಆಗಲೂ ನಂಬಿದ್ದೆ. ನಮ್ಮ ಐಸು ಭತ್ತದ ಹೊಟ್ಟಿನಲ್ಲಿ, ಗೋಣಿಚೀಲದಲ್ಲಿ, ಬಸ್ಸಿನ ಟಾಪಿನ ಮೇಲೆ ಕೂಡ್ಲಿಗಿ ತನಕ ಹೋಗುತ್ತಿತ್ತು. ಹಲವಾಗಲಿನಿಂದ ಹೊಳೆಯ ಮೀನಿನವರು ಬರುತ್ತಿದ್ದರು, ಹಡಗಲಿಯಿಂದ ಹೂವಿನವರು. ಸೋಡಾ ಅಂಗಡಿಯವರು, ಮದುವೆ ಮನೆಯವರು.

ಹೆಣದ ಮನೆಯವರೂ ಬರುತ್ತಿದ್ದರು. ದೊಡ್ಡವರ ಮನೆಗಳಲ್ಲಿ ಯಾರಿಗಾದರೂ ಕಾಯಬೇಕಾದರೆ ಗಡ್ಡೆ ಒಯ್ಯುತ್ತಿದ್ದರು. ನಮ್ಮವರಾದರೆ ಮೊದಲು ಸತ್ತವರನ್ನು ಕೂರಿಸಿ, ಆಮೇಲೆ ಸುತ್ತ ಗಡ್ಡೆ ಪೇರಿಸಿ ಹೊಟ್ಟು ಸುರಿಯುತ್ತಿದ್ದರು. ಮನುಷ್ಯ ಹೇಗಿದ್ದಾನೋ ಹಾಗೆ ಐಸನ್ನು ಒಡೆದು ಹೊಂದಿಸುತ್ತಿದ್ದರು. ಪೆಟ್ಟಿಗೆಯಲ್ಲಿ ಅದು ಆಗುವುದಿಲ್ಲ. ಪೆಟ್ಟಿಗೆ ಹೇಗಿದೆಯೋ ಹಾಗೆ ಮನುಷ್ಯ ಹೊಂದಬೇಕು.

ಮನೆಮನೆಗೆ ಫ್ರಿಜ್ಜು ಬಂತು, ಫ್ಯಾಕ್ಟರಿ ಮುಚ್ಚಿತು. ಮಿಷನ್ನನ್ನು ಗುಜರಿಗೆ ತೂಕಕ್ಕೆ ಹಾಕಿದರು. ತೊಟ್ಟಿಗೆ ಮಣ್ಣು ತುಂಬಿ ಮೇಲೆ ಮೊಬೈಲ್ ಅಂಗಡಿ ಕಟ್ಟಿದ್ದಾರೆ. ನಾವು ಊರಿಗೆ ಬಂದೆವು. ನಮ್ಮೂರು ಹರಪನಹಳ್ಳಿಗೂ ಕೊಟ್ಟೂರಿಗೂ ನಡುವೆ.

ಗ್ಯಾಸು ಮಾತ್ರ ನನ್ನ ಗಂಡನ ಎದೆಯಲ್ಲೇ ಉಳಿಯಿತು. ಆ ಗ್ಯಾಸು ಸೋರಿದರೆ ಕಣ್ಣು ಮೂಗು ಉರಿದುಹೋಗುತ್ತಿತ್ತು. ಒದ್ದೆ ಟವೆಲ್ಲು ಮೂಗಿಗೆ ಕಟ್ಟಿಕೊಂಡು ಒಳಗೆ ಹೋಗಿ ತಿರುಪು ಬಿಗಿದು ಬರುತ್ತಿದ್ದವನು ಆತನೇ. ವಯಸ್ಸಾದ ಮೇಲೆ ಮಲಗಿದರೆ ಉಸಿರು ಕಟ್ಟುತ್ತಿತ್ತು. ಪಡಸಾಲೆಯ ಗೋಡೆಗೆ ದಿಂಬು ಆನಿಸಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದ. ವರ್ಷಗಟ್ಟಲೆ ಹಾಗೇ. ಗೋಡೆಯ ಸುಣ್ಣದ ಮೇಲೆ ಬೆನ್ನಿನ ಎಣ್ಣೆಗುರುತು ಬಿದ್ದಿತ್ತು.

"ಒಂದ ನೋಡು," ಎನ್ನುತ್ತಿದ್ದ. "ನಾ ಸತ್ರ ಅಂಗಾತ ಮಲಗಿಸಬ್ಯಾಡ. ಮಲಗಿದ್ರ ಎದಿ ಮ್ಯಾಲೆ ಐಸ್ ಗಡ್ಡಿ ಹೇರಿದಂಗ ಆಗತೈತಿ."

"ಸತ್ತ ಮ್ಯಾಲೆ ಉಸುರು ಎಲ್ಲಿದು ನಿಮಗ?"

"ಇರಲಿ ಬಿಡ. ಯಾತಕ್ಕೂ ಬ್ಯಾಡ."

"ನಮ್ಮಾಗ ಯಾರನ್ನ ಮಲಗಿಸ್ಯಾರ? ಸುಮ್ನ ಕುಂದರ್ರಿ."

ಅದು ಕೊಟ್ಟ ಮಾತು ಎಂದು ನನಗೆ ಅನ್ನಿಸಿರಲಿಲ್ಲ. ನಡೆಯುವುದೇ ಹಾಗೆ ಎಂದುಕೊಂಡಿದ್ದೆ.

ಬೇಸಿಗೆಯಲ್ಲಿ ಹೋದ. ಬೆಳಿಗ್ಗೆ ಚಹಾ ಕೊಟ್ಟು ಅಂಗಳ ಗುಡಿಸಲು ಹೊರಗೆ ಹೋದೆ. ಬಂದು ನೋಡಿದರೆ ಗ್ಲಾಸು ತೊಡೆಯ ಮೇಲೆ ಹಾಗೇ ಇದೆ, ಚಹಾದ ಮೇಲೆ ಕೆನೆ ಕಟ್ಟಿದೆ. ಗೋಡೆಗೆ ಆನಿಸಿಕೊಂಡು, ಕಾಲು ಮಡಿಚಿಕೊಂಡು ಕೂತಿದ್ದ. ನಮ್ಮವರು ಹೇಗೆ ಕೂರಿಸುತ್ತಾರೋ ಹಾಗೆ, ತಾನೇ. ಗ್ಲಾಸು ತೆಗೆದಿಟ್ಟೆ. ಹಿರಿಯ ಮಗನನ್ನು ಕೂಗಿದೆ.

ಹಿರಿಯ ಮಗ ಹಗರಿಬೊಮ್ಮನಹಳ್ಳಿಯಲ್ಲಿ ಸಂಬಳದ ಕೆಲಸದಲ್ಲಿದ್ದಾನೆ, ಓಡಾಡಿಕೊಂಡು ಮಾಡುತ್ತಾನೆ. ಕಿರಿಯವನು ಬೋರ್ ಕೊರೆಯುವ ಲಾರಿಯ ಜೊತೆ ಒಡಿಶಾದ ಯಾವುದೋ ಗುಡ್ಡದಲ್ಲಿದ್ದ. ಹಿರಿಯವನು ಮೊದಲು ಮಾಡಿದ್ದು ತಮ್ಮನಿಗೆ ಫೋನು. ಅವನು ಅತ್ತಲಿಂದ ಹಂಡೆ ಒಡೆದಂತೆ ಅತ್ತ.

"ಅಣ್ಣ, ನಾ ಬರಾತನ ಮಣ್ಣ ಮಾಡಬ್ಯಾಡ್ರಿ. ನಿನ್ನ ಕಾಲ ಹಿಡೀತೀನಿ. ಅಪ್ಪನ ಮಕ ನೋಡ್ಬೇಕು."

"ಬಾ ಬಾ. ಪೆಟ್ಟಿಗಿ ತರಿಸ್ತೀನಿ."

ಪೆಟ್ಟಿಗೆಯವನು ಕೊಟ್ಟೂರಿನ ಸಾಬ. ಫ್ರಿಜ್ಜು ರಿಪೇರಿ ಮಾಡುವ ಮನುಷ್ಯ, ಹಳೆಯ ಸಾಮಾನು ಕೂಡಿಸಿ ತಾನೇ ಪೆಟ್ಟಿಗೆ ಕಟ್ಟಿಕೊಂಡಿದ್ದ. ಗೂಡ್ಸ್ ಆಟೋದಲ್ಲಿ ಬೇಗ ಬಂದ, ಅದಕ್ಕೇನೂ ಅನ್ನುವಂತಿಲ್ಲ. ಗಾಲಿ ಉರುಳಿಸಿ ಪಡಸಾಲೆಗೆ ತಂದು ನನ್ನ ಗಂಡನ ಪಕ್ಕದಲ್ಲೇ ನಿಲ್ಲಿಸಿದ. ಒಂದು ಕಡೆ ಮಡಿಚಿ ಕೂತ ಮನುಷ್ಯ, ಇನ್ನೊಂದು ಕಡೆ ಆಳುದ್ದದ ಡಬ್ಬ.

"ಇದರಾಗ ಹೆಂಗ ಹಿಡಿಸತೈತಿ?" ಎಂದ ಹಿರಿಯ ಮಗ.

"ನೆಟ್ಟಗ ಮಾಡ್ರಲ್ಲ, ಇನ್ನಾ ಮೈ ಬೆಚ್ಚಗೈತಿ," ಎಂದ ಸಾಬ. ಅವರಲ್ಲಿ ಮಲಗಿಸುತ್ತಾರೆ. ಅವನಿಗೆ ಅದೇ ಸಹಜ.

"ಆಮ್ಯಾಲೆ ಕುಂದ್ರಿಸಬೇಕಲ್ಲ?"

"ಹೆಂಗ ಇಡ್ತೀರೋ ಹಂಗ ಇರತೈತಿ ರೀ. ಏನೂ ಕೆಡಂಗಿಲ್ಲ. ಗ್ಯಾರಂಟಿ."

ಮಗನಿಗೆ ಕೇಳಿಸಿದ್ದು ಏನೂ ಕೆಡುವುದಿಲ್ಲ ಎಂಬುದು. ಈಗ ಮಿದುವಾಗಿದ್ದಾನೆ, ನಾಳೆ ತೆಗೆದಾಗಲೂ ಮಿದುವಾಗಿಯೇ ಇರುತ್ತಾನೆ, ಆಗ ಕೂರಿಸಿದರಾಯಿತು ಎಂದು ಲೆಕ್ಕ ಹಾಕಿದ. ಅಲ್ಲಿದ್ದ ಎಲ್ಲರೂ ಹಾಗೇ ತಿಳಿದರು. ಆ ಪೆಟ್ಟಿಗೆ ಹೊತ್ತನ್ನೇ ನಿಲ್ಲಿಸುತ್ತದೆ ಎನ್ನುವ ಹಾಗೆ. ಕೂತವನ ತೋಳು ಹಿಡಿದು ಎತ್ತಿದರು, ಕಾಲು ಎಳೆದು ಬಿಡಿಸಿದರು, ನೆಟ್ಟಗೆ ಮಾಡಿ ಅಂಗಾತ ಮಲಗಿಸಿ ಗಾಜು ಮುಚ್ಚಿದರು. ನಾನು ಕಂಬದ ಬುಡದಲ್ಲಿ ಕೂತಿದ್ದೆ. ಕಣ್ಣಿಗೆ ಎಲ್ಲ ಕಾಣುತ್ತಿತ್ತು. ಒಂದೂ ಒಳಗೆ ಇಳಿಯುತ್ತಿರಲಿಲ್ಲ.

ಹೆಂಗಸರು ಪೆಟ್ಟಿಗೆಯ ಸುತ್ತ ಕೂತು ಅಳತೊಡಗಿದರು. ಮೋಟಾರಿನ ಹಿಂದಿನ ಜಾಲರಿಯಿಂದ ಬಿಸಿಗಾಳಿ ಬರುತ್ತಿತ್ತು. ಕಾಲಿನ ಕಡೆ ಕೂತವರು ಒಬ್ಬೊಬ್ಬರಾಗಿ ಎದ್ದು ಜಾಗ ಬದಲಿಸಿದರು.

"ಏನವ್ವ ಇದು, ಒಲಿ ಮುಂದ ಕುಂತಂಗ ಆತು," ಎಂದಳು ಓಣಿಯ ಒಬ್ಬಳು.

ನಾನು ಹೋಗಿ ಆ ಜಾಗದಲ್ಲಿ ಕೂತೆ. ಒಳಗಿನ ಕಾವು ಹೊರಗೆ ಬರುತ್ತಿತ್ತು, ಬೇರೇನಲ್ಲ. ಆತನ ಮೈಯ ಕಾವು ಎಂದರೆ ಅದೇ. ನನ್ನ ಕಾಲಿಗೆ ಬಡಿದು, ಬಾಗಿಲಿನಿಂದ ಬೀದಿಗೆ ಹೋಯಿತು. ಮಧ್ಯಾಹ್ನ ಕರೆಂಟು ಹೋಯಿತು, ಸಾಬ ಇಟ್ಟುಹೋದ ಬ್ಯಾಟರಿಗೆ ಹಚ್ಚಿದರು. ಗಾಜಿನ ಒಳಗೆ ಹಬೆ ಕಟ್ಟಿತು. ಸೊಸೆ ಸೆರಗಿನಿಂದ ಹೊರಗಡೆ ಒರೆಸುತ್ತಲೇ ಇದ್ದಳು.

"ಒಳಗ ಐತಿ ಅದು, ಹೊರಗಲ್ಲ," ಎಂದೆ. ಆ ದಿನ ನಾನು ಆಡಿದ್ದು ಅಷ್ಟೇ ಇರಬೇಕು.

ಮರುದಿನ ಬಿಸಿಲು ಏರಿದ ಮೇಲೆ ಕಿರಿಯವನು ಬಂದ. ಮೈ ಮೇಲೆ ಬೋರಿನ ಕೆಸರು ಹಾಗೇ ಇತ್ತು. ಅಪ್ಪನ ಮುಖ ನೋಡಿದ, ಗಾಜಿಗೆ ಹಣೆ ಬಡಿದುಕೊಂಡ, ಹಿಡಿದು ಕೂರಿಸಿದರು. ಅಷ್ಟರಲ್ಲಿ ನಮ್ಮ ಭಾವ, ಎಂದರೆ ನನ್ನ ಗಂಡನ ಅಣ್ಣ, ಉಚ್ಚಂಗಿದುರ್ಗದ ಮಗಳ ಮನೆಯಿಂದ ಬಂದಿಳಿದ. ಊರಲ್ಲಿ ಸತ್ತವರನ್ನು ಕೂರಿಸುವ ಕೆಲಸಕ್ಕೆ ಎಲ್ಲರೂ ಅವನನ್ನೇ ಕರೆಯುತ್ತಾರೆ. ಗಾಜಿನೊಳಗೆ ಬಗ್ಗಿ ನೋಡಿದವನೇ ನಿಂತುಬಿಟ್ಟ.

"ಯಾವಾನಲೇ ಮಲಗಿಸಿದಾವ?"

"ಪೆಟ್ಟಿಗ್ಯಾಗ ಹಿಡಿಸ್ಲಿಲ್ಲ ದೊಡ್ಡಪ್ಪ," ಎಂದ ಹಿರಿಯ ಮಗ.

"ಹಿಡಿಸ್ಲಿಲ್ಲಂತ ನೆಟ್ಟಗ ಮಾಡಿದಿ? ನಾಳೆ ಚಪ್ಲಿ ಹಿಡಿಸ್ಲಿಲ್ಲಂದ್ರ ಕಾಲ ಕೊಯ್ಕಂತೀ ಏನಲೇ?"

"ಈಗ ಕುಂದ್ರಿಸಿದ್ರಾತು. ಕೆಟ್ಟಿಲ್ಲಲ್ಲ, ಹೆಂಗಿದ್ದನೋ ಹಂಗ ಅದಾನ."

"ಹಂಗ ಅದಾನ, ಅದಕ್ಕ ಹೇಳಿದ್ದು. ಮುಟ್ಟಿ ನೋಡು ಮಗನ."

ಹೊರಗೆ ತೆಗೆದು ಹಲಗೆಯ ಮೇಲೆ ಇಟ್ಟರು. ಕೊರಡು. ಎರಡೂ ಮಂಡಿ ಬಗ್ಗಲಿಲ್ಲ, ಸೊಂಟ ಬಗ್ಗಲಿಲ್ಲ. ಜೀವ ಹೋದ ಮೇಲೆ ಮೈ ಸೆಟೆಯುತ್ತದೆ, ಬೇಸಿಗೆಯ ಸೆಕೆಯಲ್ಲಾದರೆ ಮಾರನೆಯ ದಿನಕ್ಕೆ ಸಡಿಲವಾಗತೊಡಗುತ್ತದೆ. ತಣ್ಣಗಿಟ್ಟರೆ ಕೊಳೆಯುವುದು ನಿಲ್ಲುತ್ತದೆ, ಅದರ ಜೊತೆ ಸಡಿಲವಾಗುವುದೂ ನಿಲ್ಲುತ್ತದೆ. ಎರಡೂ ಒಂದೇ ಕೆಲಸ. ಅಲ್ಲಿದ್ದವರು ಬಿಸಿನೀರು ಕಾಯಿಸಿ ಸುರಿದರು. ಹರಳೆಣ್ಣೆ ಹಚ್ಚಿ ತಿಕ್ಕಿದರು. ಭಾವ ಬೆವರಿಳಿಸಿಕೊಂಡು ಒತ್ತಿದ. ಕಿರಿಯವನು ಕಾಲು ಹಿಡಿದುಕೊಂಡು, "ನನ್ನ ಸಲುವಾಗಿ ಹಿಂಗಾತು, ನನ್ನ ಸಲುವಾಗಿ ಹಿಂಗಾತು" ಎಂದು ಒಂದೇ ಸಮ ಹಾಡಿದ.

"ಬಾಯಿ ಮುಚ್ಚು," ಎಂದೆ. "ಆಯಪ್ಪಗ ಕೇಳಸಂಗಿಲ್ಲ. ನಮಗ ಕೇಳಸ್ತೈತಿ."

ಹಿರಿಯವನು ಸಾಬನಿಗೆ ಫೋನು ಹಚ್ಚಿ ಎಲ್ಲರಿಗೂ ಕೇಳುವಂತೆ ಇಟ್ಟ.

"ಅಯ್ಯೋ, ನಿಮ್ಮಾಗ ಕುಂದ್ರಿಸೋದು ಅನ್ನೋದು ನನಗ ಹೊಳೀಲಿಲ್ಲಲ್ಲ ರೀ," ಎಂದ ಅವನು. "ಪೆಟ್ಟಿಗಿ ಬಂದ್ ಮಾಡಿ ಹೊರಗ ಇಡ್ರಿ. ನಾಳಿಗಿ ತಾನ ಸಡ್ಲ ಆಗತೈತಿ. ಆದ್ರ..."

"ಆದ್ರ ಏನ್?"

"ಅಷ್ಟೊತ್ತಿಗಿ ವಾಸನಿ ಬರತೈತಿ. ಬಿಸಲು ನೋಡ್ರಲ್ಲ."

ಆಮೇಲೆ ಗುಂಪಿನ ಹಿಂದಿನಿಂದ ಒಬ್ಬ, ಅವನು ಯಾರೆಂದು ನನಗೆ ಗೊತ್ತು, ಹೆಸರು ಬೇಡ, ಮೆಲ್ಲಗೆ ಹೇಳಿದ: "ಆಚಿ ಊರಾಗ ಹಿಂಗ ಆಗಿತ್ತು. ಹಾರಿ ತಗಂಡು ಮಂಡಿಗಿ ಒಂದು ಕೊಟ್ರು. ಆಮ್ಯಾಲೆ ಮಡಚ್ತು. ಶಾಲು ಹೊಚ್ಚಿದ್ರ ಏನ್ ಕಾಣಸಂಗಿಲ್ಲ."

ಹಾರೆ ಅಲ್ಲೇ ಜಗಲಿಯ ಮೇಲಿತ್ತು, ಕುಣಿ ತೋಡಲು ತರಿಸಿದ್ದು. ಭಾವ ಅದರ ಕಡೆ ನೋಡಿದ. ಬೇಡ ಎನ್ನಲಿಲ್ಲ.

ನಾನು ಎದ್ದು ಹಲಗೆಯ ಹತ್ತಿರ ಹೋದೆ. ಮಂಡಿಯ ಮೇಲೆ ಕೈ ಇಟ್ಟೆ. ಎಣ್ಣೆಗೆ ಜಾರುತ್ತಿತ್ತು, ಒಳಗೆ ಕಲ್ಲು. ಮದುವೆಯಾದ ಹೊಸತರಲ್ಲಿ ಫ್ಯಾಕ್ಟರಿಯಿಂದ ಬಂದ ಆತನ ಕೈ ಹಿಡಿದರೆ ಹೀಗೇ ಇರುತ್ತಿತ್ತು. ಹೊರಗೆ ಒದ್ದೆ, ಒಳಗೆ ಕಾವೇ ಇಲ್ಲದಂತೆ.

"ಹಾರಿ ಮುಟ್ಟಿದಾವನ ಮಂಡಿಗಿ ಮೊದ್ಲು ಕೊಡ್ತೀನಿ," ಎಂದೆ. "ಮಲಗಿಸ್ರಿ."

"ತಂಗಿ, ಏನ್ ಮಾತು ಇದು? ನಮ್ಮ ಮನೆತನದಾಗ ಇಲ್ದಿದ್ದು," ಎಂದ ಭಾವ. "ಮಲಗಿಸಬ್ಯಾಡ ಅಂತ ಆತನ ನಿನ್ನ ಮುಂದ ಹೇಳಿದ್ದಲ್ಲ?"

"ಹೇಳಿದ್ದ. ನನಗ ಹೇಳಿದ್ದ, ನಿಮಗಲ್ಲ. ಮಲಗಿಸಬ್ಯಾಡ ಅಂದಿದ್ದ, ಮುರೀರಿ ಅಂದಿದ್ದಿಲ್ಲ."

"ಮಂದಿ ಏನಂತಾರ?"

"ಮಂದಿ ಏನರ ಅನ್ಲಿ. ಹೊತ್ತು ಇಳೀತು, ಏಳ್ರಿ."

ಮಣ್ಣಿನ ಕಾರ್ಯ ಮಾಡಿಸಲು ಬಂದ ಅಯ್ಯನವರು ವಿಭೂತಿ ಗಟ್ಟಿ ಹಿಡಿದುಕೊಂಡು ಜಗಲಿಯ ಮೇಲೆ ಕೂತಿದ್ದರು. ಭಾವ ಅವರ ಕಡೆ ತಿರುಗಿದ. ಅವರು ಆಕಳಿಸಿ, "ನೆಲಕ್ಕ ಕುಂತಾವ ಬ್ಯಾರೆ, ಮಲಗಿದಾವ ಬ್ಯಾರೆ ಏನಪ? ನಡೀರಿ," ಎಂದರು. ಅವರಿಗೆ ಕೂಡ್ಲಿಗಿಯ ಕಡೆ ಸಂಜೆಗೆ ಇನ್ನೊಂದು ಕಾರ್ಯ ಇತ್ತು.

ಮಲಗಿಸುವುದಕ್ಕೆ ಭಾವ ಒಪ್ಪಿದ, ಮಂದಿಗೆ ಕಾಣಿಸುವುದಕ್ಕೆ ಒಪ್ಪಲಿಲ್ಲ. ಮೆರವಣಿಗೆಗೆ ಬಿದಿರಿನ ಮಂಟಪ ಆಗಲೇ ಕಟ್ಟಿದ್ದರು, ಬಾಳೆಕಂದು, ಹಡಗಲಿಯ ಮಲ್ಲಿಗೆ ಎಲ್ಲ ಸುತ್ತಿದ್ದರು. ಹಲಗೆಯೊಂದಕ್ಕೆ ನನ್ನ ಗಂಡನನ್ನು ಕಟ್ಟಿ, ಹಲಗೆಯನ್ನು ಮಂಟಪದೊಳಗೆ ಓರೆಯಾಗಿ ನಿಲ್ಲಿಸಿದರು. ಕಾಲು ಮುಂದಕ್ಕೆ ಚಾಚಿತ್ತು. ಅದನ್ನು ಹೂವಿನ ರಾಶಿಯಲ್ಲಿ ಹುಗಿದರು. ತೊಡೆಯ ಎರಡೂ ಕಡೆ ಎರಡು ದಿಂಬು ಕಟ್ಟಿ ಮೇಲೆ ಶಾಲು ಹೊದಿಸಿದರು. ದೂರದಿಂದ ನೋಡಿದರೆ ಚಕ್ಕಳಮಕ್ಕಳ ಹಾಕಿ ಕೂತಂತೆಯೇ ಕಂಡಿತು. ಆ ಎರಡು ದಿಂಬುಗಳಲ್ಲಿ ಒಂದು ಆತ ಆನಿಸಿಕೊಳ್ಳುತ್ತಿದ್ದದ್ದು. ಸೊಸೆ ಬೇರೆ ಸಿಗದೆ ಅದನ್ನೇ ಕೊಟ್ಟಿದ್ದಳು.

"ಭಾಳ ಚಂದ ಕುಂತಾನ," ಎಂದರು ಬೀದಿಯ ಜನ. ಕೈ ಮುಗಿದರು. ಯಾರೋ ಫೋಟೋ ಹಿಡಿದರು. ಮನೆಯಲ್ಲಿ ಈಗ ಕಟ್ಟು ಹಾಕಿಸಿ ಇಟ್ಟಿರುವುದು ಅದೇ. ಮುಖ ಚೆನ್ನಾಗಿ ಬಂದಿದೆ, ಇಲ್ಲವೆನ್ನುವುದಿಲ್ಲ.

ಹೊಲದಲ್ಲಿ ಇನ್ನೊಂದು ಪಜೀತಿ. ಕುಣಿಯನ್ನು ಕೂರಿಸುವ ಅಳತೆಗೆ ತೋಡಿದ್ದರು. ಚೌಕಾಗಿ, ಆಳವಾಗಿ, ಒಂದು ಗೋಡೆಯಲ್ಲಿ ಗೂಡು. ಮಲಗಿಸಲು ಉದ್ದ ಸಾಲದು. ಭಾವ ಊರವರನ್ನು ದಾರಿಯಲ್ಲೇ ತಡೆದು, ಹೆಣ್ಣುಮಕ್ಕಳನ್ನು ಹಿಂದಕ್ಕೆ ಕಳಿಸಿದ. ನಾನು ಹೋಗಲಿಲ್ಲ. ಇಬ್ಬರು ಮಕ್ಕಳೂ ಕುಣಿಗೆ ಇಳಿದು ಗೂಡಿನ ಕಡೆಯ ಗೋಡೆಯನ್ನು ಒಡೆದರು. ಕೆಳಗೆ ಗಟ್ಟಿ ಗರಸು ನೆಲ. ಕಿರಿಯವನು ಭೂಮಿ ಕೊರೆಯುವ ಕೆಲಸದವನು, ಹಾರೆ ಹಿಡಿದವನೇ ಅಳು ನಿಲ್ಲಿಸಿದ.

"ಅಣ್ಣ, ನೀ ಮಣ್ಣು ಎತ್ತು. ನಾ ಒಡೀತೀನಿ."

"ಅಷ್ಟ ಸಾಕಲೇ."

"ಅಪ್ಪ ಉದ್ದ ಅದಾನ. ಇನ್ನಾಟು ಬೇಕು."

ಅದಾನ ಎಂದ. ಯಾರೂ ತಿದ್ದಲಿಲ್ಲ.

ದಿಂಬು ಬಿಚ್ಚಿ ಪಕ್ಕಕ್ಕೆ ಎಸೆದರು. ಹಗ್ಗ ಹಾಕಿ ಇಳಿಸಿದರು. ಅಂಗಾತ ಮಲಗಿದ. ಎದೆಯ ಮೇಲೆ ವಿಭೂತಿ ಗಟ್ಟಿ, ಬಿಲ್ವಪತ್ರೆ. ಮೇಲೆ ಮಣ್ಣು. ನನಗೆ ಅಳು ಬರಲಿಲ್ಲ. ಮಣ್ಣಿನ ಭಾರ ಎಷ್ಟಿರಬಹುದು ಎಂದು ಯೋಚಿಸುತ್ತ ನಿಂತಿದ್ದೆ, ಅಷ್ಟೇ.

ವಾಪಸು ಬರುವಾಗ ದಾರಿಯಲ್ಲಿ ಭಾವ ಇಬ್ಬರು ಮಕ್ಕಳಿಗೂ, "ಕುಂದ್ರಿಸಿ ಮಾಡಿದ್ವಿ ಅನ್ರಿ. ಮುಗೀತು," ಎಂದ. ಅವರು ತಲೆಯಾಡಿಸಿದರು. ಇವತ್ತಿಗೂ ಹಾಗೇ ಅನ್ನುತ್ತಾರೆ. ಹಿರಿಯವನು ಈಚೆಗೆ ಅದನ್ನು ನಂಬತೊಡಗಿದ್ದಾನೆ ಎಂದು ನನಗೆ ಅನುಮಾನ.

ಮನೆಗೆ ಬಂದೆವು. ಕಾಲು ತೊಳೆದು ದೀಪ ನೋಡಿ ಎಲ್ಲರೂ ಒಳಗೆ ಹೋದರು. ಪಡಸಾಲೆಯಲ್ಲಿ ಪೆಟ್ಟಿಗೆ ಗುಂಯ್ ಎನ್ನುತ್ತಲೇ ಇತ್ತು. ವೈರು ಕೀಳುವುದು ಯಾರಿಗೂ ನೆನಪಾಗಿರಲಿಲ್ಲ. ಬರೀ ಡಬ್ಬವನ್ನು ಅಷ್ಟೊತ್ತೂ ತಣ್ಣಗೆ ಮಾಡುತ್ತಿತ್ತು. ಮುಚ್ಚಳದ ಒಳಗೆ ಬೆಳ್ಳಗೆ ಹಿಮ ಕಟ್ಟಿತ್ತು. ನಾನೇ ವೈರು ಕಿತ್ತೆ. ಮೋಟಾರು ಒಮ್ಮೆ ನಡುಗಿ ನಿಂತಿತು. ಮನೆ ಇಷ್ಟು ಸದ್ದಿಲ್ಲದೆ ಇರುತ್ತದೆ ಎಂದು ಆಗ ಗೊತ್ತಾಯಿತು. ಆತ ಕೂತು ನಿದ್ದೆ ಮಾಡುವಾಗ ಎದೆಯಲ್ಲಿ ಸುಂಯ್ ಸುಂಯ್ ಎನ್ನುತ್ತಿತ್ತಲ್ಲ, ಅದೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಸಾಬ ಪೆಟ್ಟಿಗೆ ಒಯ್ಯಲು ಬಂದ. ನಾನು ಆಗಲೇ ಫಿನಾಯಿಲ್ ಹಾಕಿ ಒಳಗೆಲ್ಲ ಒರೆಸಿ ಇಟ್ಟಿದ್ದೆ. ಗೂಡ್ಸ್ ಆಟೋಗೆ ಏರಿಸುವಾಗ ಅವನ ಫೋನು ಹೊಡೆದುಕೊಂಡಿತು. ಚಿಗಟೇರಿಯಲ್ಲಿ ಒಬ್ಬ ಮುದುಕಿ ತೀರಿಕೊಂಡಿದ್ದಳು, ಈಗಿನ್ನೂ ಜೀವ ಹೋಗಿದೆ, ಮೊಮ್ಮಗ ದೂರದಿಂದ ಬರಬೇಕು, ಬೇಗ ಪೆಟ್ಟಿಗೆ ತಾ ಎಂದು.

"ಯಾವ ಜನ?" ಎಂದು ಕೇಳಿದೆ.

"ನಿಮ್ಮವರ ಇರ್ಬೇಕವ್ವ, ವಿಭೂತಿ ತರಾಕ ಮಂದಿ ಕಳಿಸ್ಯಾರಂತ," ಎಂದ.

ನಾನು ಚಪ್ಪಲಿ ಮೆಟ್ಟಿಕೊಂಡು ಹೋಗಿ ಆಟೋದ ಮುಂದಿನ ಸೀಟಿನಲ್ಲಿ ಕೂತೆ.

"ಅವ್ವ, ಎಲ್ಲಿಗಿ?" ಎಂದು ಹಿರಿಯ ಸೊಸೆ ಒಳಗಿಂದ ಓಡಿ ಬಂದಳು. "ನಿನ್ನೆ ಮಣ್ಣಾಗೈತಿ. ಹೊಸಲು ದಾಟ್ತಾರೇನು? ಮಂದಿ ನಗಂಗಿಲ್ಲ?"

"ಸತ್ತ ಮನಿಯಿಂದ ಸತ್ತ ಮನಿಗಿ ಹೊಂಟೀನಿ. ಯಾರಿಗಿ ಏನ್ ಹತ್ತತೈತಿ?"

"ನೀ ಇಳಿಯವ್ವ, ನಾನ ಹೇಳ್ತೀನಿ ಅವರಿಗಿ," ಎಂದ ಸಾಬ. "ಕಾಲ ಮಡಿಚಿ ಇಡ್ರಿ ಅಂತ. ಒಳಗ ಹಾಸಿದ ತಗಡಿನ ತಟ್ಟಿ ತಗದ್ರ ಮಡಿಚಿದ್ದೂ ಹಿಡಿಸತೈತಿ."

"ನೀ ಹೇಳಿದ್ರ ಕೇಳಂಗಿಲ್ಲ. ಗಾಡಿ ಹಚ್ಚು."

ಚಿಗಟೇರಿಯ ತನಕ ಹಿಂದೆ ಪೆಟ್ಟಿಗೆಯ ಗಾಲಿ ಅಲ್ಲಾಡಿ ಸದ್ದಾಗುತ್ತಿತ್ತು. ಆ ಮನೆಯವರು ನನಗೆ ಗೊತ್ತಿರಲಿಲ್ಲ, ನಾನು ಅವರಿಗೆ ಗೊತ್ತಿರಲಿಲ್ಲ. ಅಂಗಳದಲ್ಲಿ ಗಂಡಸರು ಫೋನು ಹಿಡಿದು ನಿಂತಿದ್ದರು. ಪೆಟ್ಟಿಗೆ ಕಂಡದ್ದೇ ಎರಡೂ ಬಾಗಿಲು ತೆರೆದರು.

"ಅದನ್ನ ಅಲ್ಲೇ ನಿಲ್ಲಸ್ರಿ," ಎಂದೆ. "ಮೊದ್ಲು ನಾ ಹೋಗಿ ಬರ್ತೀನಿ."

"ಯಾರಬೇ ನೀನು?"

"ನಿನ್ನೆ ಇದರಾಗ ನನ್ನ ಗಂಡ ಇದ್ದ."

ದಾರಿ ಬಿಟ್ಟರು. ಮುದುಕಿಯನ್ನು ಚಾಪೆಯ ಮೇಲೆ ನೆಟ್ಟಗೆ ಮಲಗಿಸಿದ್ದರು. ನನ್ನಷ್ಟೇ ವಯಸ್ಸು, ನನಗಿಂತ ತೆಳು. ಅಳುತ್ತಿದ್ದ ಮಗಳನ್ನು ಸರಿಸಿ ಕಾಲ ಬುಡದಲ್ಲಿ ಕೂತೆ. ಮಂಡಿ ಮುಟ್ಟಿದೆ. ಇನ್ನೂ ಬೆಚ್ಚಗಿತ್ತು. ಒಂದು ಕೈ ಮಂಡಿಯ ಕೆಳಗೆ ಹಾಕಿ, ಇನ್ನೊಂದರಿಂದ ಹಿಮ್ಮಡಿ ಹಿಡಿದು ಎತ್ತಿದೆ. ಸಲೀಸಾಗಿ ಮಡಿಚಿತು. ಆಮೇಲೆ ಇನ್ನೊಂದು ಕಾಲನ್ನೂ ಮಡಿಸಿ, ಕಟ್ಟಲು ಒಂದು ಬಟ್ಟೆ ಕೊಡಿ ಎಂದು ಮಗಳನ್ನು ಕೇಳಿದೆ.